ಮನೆಯ ಸುತ್ತಣ ಸ್ಥಳದ ಸುಧಾರಣೆ: ಬಸವಕಲ್ಯಾಣ, ಹುಮನಾಬಾದ ಸೀಮೆಯ ಗೃಹಸ್ಥರಿಗೆ

ಪೀಠಿಕೆ

ಬಸವಕಲ್ಯಾಣ, ಹುಮನಾಬಾದ ಸೀಮೆಗಳಲ್ಲಿ ಮನೆ ಕಟ್ಟಿಸುವವರು ಗೋಡೆ, ಬಾಗಿಲು, ಮಾಳಿಗೆಗಳಿಗೆ ಕೊಡುವ ಗಮನದಲ್ಲಿ ಹತ್ತನೆಯ ಒಂದು ಪಾಲನ್ನೂ ಮನೆಯ ಸುತ್ತಣ ಸ್ಥಳಕ್ಕೆ ಕೊಡುವುದಿಲ್ಲ. ಆದಕಾರಣ ಮುಂದಣ ಅಂಗಳವು ಬೇಸಗೆಯಲ್ಲಿ ಕಾದ ಹೆಂಚಿನಂತೆಯೂ ಮಳೆಗಾಲದಲ್ಲಿ ಕೆಸರಿನ ಮಡುವಿನಂತೆಯೂ ಆಗುತ್ತದೆ. ಹಿತ್ತಲಲ್ಲಿ ಬಚ್ಚಲ ನೀರು ನಿಂತು ನಾರುತ್ತದೆ. ಅದರಲ್ಲಿ ಸೊಳ್ಳೆಗಳು ಹುಟ್ಟಿ ಮನೆಯವರಿಗೆ ಜ್ವರವನ್ನು ತರುತ್ತವೆ. ಅದೇ ಮನೆಯವರು ಒಂದು ಕಟ್ಟು ಮೆಂತ್ಯಪಲ್ಯಕ್ಕೂ ಎರಡು ನಿಂಬೆಹಣ್ಣಿಗೂ ಸಂತೆಯನ್ನು ಕಾಯುತ್ತಾರೆ. ಕೆಡುತ್ತಿರುವ ನೀರು ಒಂದು ಕಡೆ, ಬರಿದಾಗಿರುವ ನೆಲ ಒಂದು ಕಡೆ, ದುಡ್ಡು ಕೊಟ್ಟು ತರುವ ಪದಾರ್ಥ ಮತ್ತೊಂದು ಕಡೆ. ಈ ಮೂರನ್ನೂ ಕೂಡಿಸುವುದೇ ಮನೆಯ ಸುತ್ತಣ ಸ್ಥಳದ ಸುಧಾರಣೆ.

ಈ ಕೆಲಸವು ಶೋಭೆಗಾಗಿ ಮಾತ್ರವೆಂದು ತಿಳಿಯಕೂಡದು. 2016ನೆಯ ಏಪ್ರಿಲಿನಲ್ಲಿ ಈ ಸೀಮೆಯ ನೆರೆಯಲ್ಲಿರುವ ಲಾತೂರು ಪಟ್ಟಣಕ್ಕೆ ಕುಡಿಯುವ ನೀರನ್ನು ಮೀರಜಿನಿಂದ ರೈಲಿನಲ್ಲಿ ಸಾಗಿಸಬೇಕಾಯಿತು. ಅಂತಹ ವರ್ಷದಲ್ಲಿ ತಪ್ಪಾದ ಕಾಲದಲ್ಲಿ, ತಪ್ಪಾದ ಸ್ಥಳದಲ್ಲಿ ನೆಟ್ಟ ಗಿಡವು ತಾನೂ ಒಣಗಿ, ಮನೆಯವರು ಕುಡಿಯಬೇಕಾದ ನೀರನ್ನೂ ಕಸಿದುಕೊಳ್ಳುತ್ತದೆ. ಕಾಲವನ್ನೂ ನೆಲವನ್ನೂ ನೋಡಿ ನೆಟ್ಟ ಗಿಡವಾದರೋ ಬಚ್ಚಲ ನೀರಿನಿಂದಲೇ ಬದುಕಿಕೊಂಡು ಮನೆಯವರಿಗೆ ನೆರಳನ್ನು ಕೊಡುತ್ತದೆ.

ಈ ವಿದ್ಯೆ ಈ ಸೀಮೆಗೆ ಹೊಸದಲ್ಲ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಸುಮಾರು 1130ರ ವೇಳೆಗೆ, ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಉದ್ಯಾನಗಳನ್ನು ಬೆಳೆಸುವ ಕ್ರಮವೂ ಗಿಡಮರಗಳ ಆರೈಕೆಯೂ ಸೇರಿವೆ. ಅದಕ್ಕೂ ನೂರು ವರ್ಷ ಹಿಂದೆ, ಚಾಲುಕ್ಯರ ಆಳಿಕೆಯಲ್ಲಿಯೇ, ಚಾವುಂಡರಾಯನೆಂಬ ಕವಿಯು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ನೀರಿನ ನೆಲೆಯನ್ನು ಗುರುತಿಸುವ ವಿಧಾನಕ್ಕೂ ಅಧ್ಯಾಯಗಳುಂಟು. ಅರಮನೆಯ ಉದ್ಯಾನಕ್ಕೆ ಆಳುಗಳಿದ್ದರು. ಸಾಮಾನ್ಯ ಗೃಹಸ್ಥನಿಗೆ ಇರುವುದು ಬೆಳಗಿನ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಯಲ್ಲಿ ಆಗತಕ್ಕಷ್ಟು ಕೆಲಸವನ್ನೇ ಇಲ್ಲಿ ವಿವರಿಸಿದೆ.

1. ಮಳೆ ಮತ್ತು ಬಿಸಿಲು

ಈ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 800ರಿಂದ 900 ಮಿಲಿಮೀಟರು, ಎಂದರೆ ಸುಮಾರು 34 ಅಂಗುಲ ಮಳೆ ಬೀಳುತ್ತದೆ. ಆದರೆ ಇದರ ಬಹುಭಾಗವು ಮೃಗಶಿರಾ ಮಳೆಯಿಂದ ಹಸ್ತದ ಮಳೆಯವರೆಗಿನ ನಾಲ್ಕು ತಿಂಗಳಲ್ಲಿಯೇ ಬಂದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಗಿಡವು ನೆಲದಲ್ಲಿ ಉಳಿದ ತೇವವನ್ನೂ ಮನೆಯವರು ಹಾಕುವ ನೀರನ್ನೂ ನಂಬಿರಬೇಕು. ಆದ್ದರಿಂದ ಮಳೆಗಾಲದ ಮೊದಲ ಅರ್ಧವೇ ನೆಡುವುದಕ್ಕೆ ಸರಿಯಾದ ಕಾಲ. ಯುಗಾದಿಯ ಉತ್ಸಾಹದಲ್ಲಿ ನೆಟ್ಟ ಸಸಿಯು ಬೇರು ಬಿಡುವುದಕ್ಕೆ ಮುಂಚೆಯೇ ಮೇ ತಿಂಗಳ ಬಿಸಿಲಿಗೆ ಸಿಕ್ಕುತ್ತದೆ; ಆಗ ಹಗಲಿನ ಶಾಖವು 40 ಡಿಗ್ರಿ ಸೆಲ್ಸಿಯಸಿನ ಸನಿಹಕ್ಕೆ ಹೋಗುತ್ತದೆ.

ಸೂರ್ಯನ ಗತಿಯನ್ನೂ ತಿಳಿದಿರಬೇಕು. ಈ ಊರುಗಳ ಅಕ್ಷಾಂಶದಲ್ಲಿ ಸೂರ್ಯನು ಮೇ ತಿಂಗಳ ಎರಡನೆಯ ವಾರದಲ್ಲಿಯೂ ಆಗಸ್ಟಿನ ಮೊದಲಲ್ಲಿಯೂ ನಡುಹಗಲಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವೆ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಬಹಳ ವಾಲುತ್ತಾನೆ. ಆದಕಾರಣ ಬೇಸಗೆಯಲ್ಲಿ ಮನೆಯನ್ನು ಕಾಯಿಸುವುದು ಪಡುವಣ ಮತ್ತು ವಾಯವ್ಯ ದಿಕ್ಕಿನ ಸಂಜೆಯ ಬಿಸಿಲು. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ತೆಂಕಣ ಬಿಸಿಲು. ನೆರಳಿನ ಮರವು ಪಶ್ಚಿಮಕ್ಕಿರಬೇಕು, ದಕ್ಷಿಣವು ತೆರೆದಿರಬೇಕು. ದಕ್ಷಿಣದ ತೆರೆದ ಸ್ಥಳವೇ ಹಿಂಗಾರಿನ ಕಾಯಿಪಲ್ಯಕ್ಕೂ ಯೋಗ್ಯವಾದುದು.

2. ಎರಡು ಬಗೆಯ ನೆಲ

ಈ ಸೀಮೆಯ ಮುಖ್ಯ ಸಂಗತಿಯೇ ಇದು. ಹುಮನಾಬಾದಿನ ಕಡೆಯ ಎತ್ತರದ ಬಯಲುಗಳಲ್ಲಿ ಜಂಬಿಟ್ಟಿಗೆ ಕಲ್ಲಿನಿಂದಾದ ಕೆಂಪು ನೆಲವು ಬಹಳವಾಗಿದೆ. ಬಸವಕಲ್ಯಾಣದ ಕಡೆಯ ತಗ್ಗು ಭೂಮಿಗಳಲ್ಲಿ ಕಪ್ಪು ಎರೆಯೇ ವಿಶೇಷ. ಆದರೂ ಊರ ಹೆಸರನ್ನು ಕೇಳಿ ನೆಲವನ್ನು ನಿರ್ಣಯಿಸಕೂಡದು; ಒಂದೇ ಊರಿನ ಮೇಲುಕೇರಿಯಲ್ಲಿ ಕೆಂಪು ನೆಲವೂ ಕೆಳಕೇರಿಯಲ್ಲಿ ಎರೆಯೂ ಇರುವುದುಂಟು.

ಪರೀಕ್ಷೆಯು ಸುಲಭ. ಒಂದು ಅಡಿ ಆಳದ ಗುಂಡಿಯನ್ನು ತೋಡಿ, ಸಂಜೆ ಅದರ ತುಂಬ ನೀರು ಹೊಯ್ಯಬೇಕು. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಬೆಳಗ್ಗೆ ನೋಡಬೇಕು. ನೀರು ಪೂರ್ತಿಯಾಗಿ ಹೋಗಿದ್ದರೆ ಅದು ನೀರನ್ನು ಬಿಟ್ಟುಕೊಡುವ ನೆಲ. ಇನ್ನೂ ನಿಂತಿದ್ದರೆ ನೀರನ್ನು ಹಿಡಿಯುವ ನೆಲ. ಹೊಸದಾಗಿ ಕಟ್ಟಿದ ಮನೆಯ ಸುತ್ತಲೂ ಗಾರೆ, ಸಿಮೆಂಟು, ಇಟ್ಟಿಗೆಚೂರುಗಳ ರಾಶಿಯಿರುತ್ತದೆ. ಅದನ್ನು ತೆಗೆದು ಹಾಕಿ ನಿಜವಾದ ನೆಲವು ಕಂಡ ಮೇಲೆಯೇ ಈ ಪರೀಕ್ಷೆಯನ್ನು ಮಾಡತಕ್ಕದ್ದು.

ಕೆಂಪು ನೆಲದಲ್ಲಿ ನೀರು ಬೇಗ ಕೆಳಗಿಳಿಯುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲಕ್ಕೆ ಬೀದರದಲ್ಲಿ ತೋಡಿದ ಕರೇಜ್ ಎಂಬ ನೆಲದೊಳಗಿನ ಕಾಲುವೆಗಳು ಈ ಗುಣವನ್ನೇ ಆಶ್ರಯಿಸಿವೆ: ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದ ಮಳೆಯ ನೀರು ಅಡಿಯ ಕರಿಗಲ್ಲಿನ ಮೇಲೆ ಕೂಡುತ್ತದೆ, ಅದನ್ನು ಕಾಲುವೆಯು ಒಯ್ಯುತ್ತದೆ. ಬಾವಿಗೆ ಒಳ್ಳೆಯದಾದ ಈ ಗುಣವು ಸಸಿಗೆ ಕಷ್ಟ. ಮೇಲೆ ಹೊಯ್ದ ನೀರು ಬೇರಿಗೆ ಸಿಕ್ಕದೆ ದಾಟಿಹೋಗುತ್ತದೆ. ಅಲ್ಲದೆ ಈ ನೆಲವು ಸಾಮಾನ್ಯವಾಗಿ ಹುಳಿಯಾಗಿದ್ದು ಸುಣ್ಣದ ಅಂಶವೂ ಸಾರವೂ ಕಡಿಮೆಯಾಗಿರುತ್ತವೆ.

ಎರೆ ನೆಲದ ಸ್ವಭಾವವು ಇದಕ್ಕೆ ವಿರುದ್ಧವಾದುದು. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಇದರಲ್ಲಿ ಸುಣ್ಣದ ಅಂಶವು ಹೆಚ್ಚು. ಆದ್ದರಿಂದ ನಿಂಬೆಯ ಗಿಡದ ಎಳೆಯ ಎಲೆಗಳು ನರಗಳು ಹಸುರಾಗಿಯೇ ಉಳಿದು ನಡುವೆ ಹಳದಿಯಾಗುತ್ತವೆ. ಇದನ್ನು ನೀರಿನ ಕೊರತೆಯೆಂದು ತಿಳಿದು ಮತ್ತಷ್ಟು ನೀರು ಹಾಕುವವರುಂಟು. ಅದರಿಂದ ಕೇಡು ಹೆಚ್ಚುತ್ತದೆ. ಅಲ್ಲಿ ಬೇಕಾದುದು ಕಳಿತ ಗೊಬ್ಬರ ಮತ್ತು ನೀರು ಬಸಿಯುವ ದಾರಿ.

ಒಲೆಯ ಬೂದಿಯ ವಿಷಯದಲ್ಲಿಯೂ ಈ ಭೇದವನ್ನು ಮರೆಯಬಾರದು. ಬೂದಿಯು ನೆಲದ ಹುಳಿಯನ್ನು ಕಡಿಮೆ ಮಾಡುತ್ತದೆ. ಆದಕಾರಣ ಕೆಂಪು ನೆಲಕ್ಕೆ ಅದು ಹಿತ. ಸುಣ್ಣವು ಮೊದಲೇ ಹೆಚ್ಚಾಗಿರುವ ಎರೆಗೆ ಅದನ್ನು ಹಾಕುವುದರಿಂದ ಪ್ರಯೋಜನವಿಲ್ಲ.

3. ಗುಂಡಿ ತೆಗೆಯುವುದು, ಸಸಿ ನೆಡುವುದು

ಕೆಂಪು ನೆಲದಲ್ಲಿ ಉದ್ದ, ಅಗಲ, ಆಳ ಮೂರು ಮೂರು ಅಡಿಯ ಗುಂಡಿಯನ್ನು ಏಪ್ರಿಲಿನಲ್ಲಿಯೇ ತೆಗೆದು ಬಿಸಿಲಿಗೆ ಬಿಡಬೇಕು. ತಳದಲ್ಲಿ ಗಟ್ಟಿಯಾದ ಕಲ್ಲಿನ ಪದರವು ಸಿಕ್ಕಿದರೆ ಅದನ್ನು ಹಾರೆಯಿಂದ ಒಡೆಯದೆ ಬಿಡಬಾರದು. ಒಡೆಯದಿದ್ದರೆ ಗಿಡವು ಕುಂಡದಲ್ಲಿ ನೆಟ್ಟಂತೆಯೇ ಆಗುತ್ತದೆ. ರೋಹಿಣಿ ಮಳೆಯ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಗೆ, ಮೇಲ್ಮಣ್ಣು ಎರಡು ಪಾಲು, ಕಳಿತ ಸಗಣಿಗೊಬ್ಬರ ಒಂದು ಪಾಲು, ಎರಡು ಬೊಗಸೆ ಬೂದಿ ಇವುಗಳನ್ನು ಕಲಸಿ ಗುಂಡಿಯನ್ನು ತುಂಬಬೇಕು. ಕೆರೆಯ ಹೂಳು ದೊರೆತರೆ ಒಂದೆರಡು ಬುಟ್ಟಿ ಸೇರಿಸುವುದು ಮೇಲು. ಗಿಡದ ಪಾತಿಯು ನೆಲಕ್ಕಿಂತ ತುಸು ತಗ್ಗಾಗಿದ್ದು ನೀರನ್ನು ಹಿಡಿಯುವಂತಿರಬೇಕು.

ಎರೆ ನೆಲದಲ್ಲಿ ಎರಡು ಅಡಿಯ ಗುಂಡಿಯೇ ಸಾಕು. ಆಳವಾಗಿ ತೆಗೆದರೆ ಮಳೆಗಾಲದಲ್ಲಿ ಅದು ಬಾವಿಯಂತಾಗಿ ಗಿಡವು ಮುಳುಗುತ್ತದೆ. ತೆಗೆದ ಮಣ್ಣಿಗೆ ಮೊರಂ ಅಥವಾ ಉಸುಕು, ಗೊಬ್ಬರ ಇವುಗಳನ್ನು ಸೇರಿಸಿ, ಸುತ್ತಣ ನೆಲಕ್ಕಿಂತ ಆರರಿಂದ ಒಂಬತ್ತು ಅಂಗುಲ ಎತ್ತರವಾದ ದಿಬ್ಬವನ್ನು ಮಾಡಿ ಅದರ ಮೇಲೆ ಸಸಿಯನ್ನು ನೆಡಬೇಕು. ದಿಬ್ಬದ ಸುತ್ತಲೂ ನೀರು ಹರಿದುಹೋಗಲು ಸಣ್ಣ ಕಾಲುವೆಯಿರಬೇಕು. ಒಂದೇ ಗಿಡವನ್ನು ಒಂದು ನೆಲದಲ್ಲಿ ತಗ್ಗಿನಲ್ಲಿಯೂ ಮತ್ತೊಂದು ನೆಲದಲ್ಲಿ ಏರಿನಲ್ಲಿಯೂ ನೆಡುವುದಕ್ಕೆ ಕಾರಣವು ಮೇಲೆ ಹೇಳಿದ ನೀರಿನ ಗುಣವೇ.

ಸಸಿಯನ್ನು ಆರಿದ್ರಾ, ಪುನರ್ವಸು ಮಳೆಗಳಲ್ಲಿ, ಎಂದರೆ ಜೂನ್ ಕೊನೆಯಿಂದ ಜುಲೈ ನಡುವಿನೊಳಗೆ ನೆಡುವುದು ಉತ್ತಮ. ಮೋಡವಿದ್ದ ಸಂಜೆಯಲ್ಲಿ ನೆಟ್ಟು, ಬುಡವನ್ನು ಕಾಲಿನಿಂದ ಮೆಲ್ಲಗೆ ಒತ್ತಿ, ಗಾಳಿಗೆ ಅಲುಗಾಡದಂತೆ ಗೂಟಕ್ಕೆ ಸಡಿಲವಾಗಿ ಕಟ್ಟಬೇಕು. ಬೇರೆ ಊರಿನಿಂದ ತಂದ ಎತ್ತರದ ಗಿಡಕ್ಕಿಂತ ಒಂದೆರಡು ಅಡಿಯ ಗಟ್ಟಿ ಸಸಿಯು ಬೇಗ ಬೇರೂರುತ್ತದೆ.

4. ಮನೆಯ ನೀರಿನ ಉಪಯೋಗ

30 ಅಡಿ ಉದ್ದ, 20 ಅಡಿ ಅಗಲದ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1,400 ಲೀಟರು ನೀರು ಬರುತ್ತದೆ; ಇದು 90ಕ್ಕಿಂತ ಹೆಚ್ಚು ಕೊಡಗಳಾಗುತ್ತದೆ. ವರ್ಷದ ಮಳೆಯಲ್ಲಿ ಕಾಲುಭಾಗವು ನಷ್ಟವಾದರೂ ಸುಮಾರು 35,000 ಲೀಟರು ಉಳಿಯುತ್ತದೆ. ಈ ನೀರನ್ನು ಬೀದಿಗೆ ಬಿಡುವುದು ಕಣದ ರಾಶಿಯನ್ನು ಗಾಳಿಗೆ ಬಿಟ್ಟಂತೆ. ಮಾಳಿಗೆಯ ಕೊಳವೆಯ ಬಾಯಿಂದ ಕಲ್ಲು ಹಾಸಿದ ಸಣ್ಣ ಕಾಲುವೆಯನ್ನು ಮಾಡಿ ಮರಗಳ ಪಾತಿಗಳ ಕಡೆಗೆ ತಿರುಗಿಸಬೇಕು. ಕೆಂಪು ನೆಲದಲ್ಲಿ ಹೆಚ್ಚಾದ ನೀರನ್ನು ಗೋಡೆಯಿಂದ ದೂರ ತೋಡಿದ ಇಂಗುಗುಂಡಿಗೆ ಬಿಟ್ಟರೆ ಬಾವಿಗೆ ಸಹಾಯವಾಗುತ್ತದೆ. ಎರೆ ನೆಲದಲ್ಲಿ ಮಾತ್ರ ನೀರನ್ನು ಗೋಡೆಯ ಬುಡದಲ್ಲಿ ಎಂದಿಗೂ ಇಂಗಿಸಕೂಡದು. ಅಡಿಪಾಯದ ಕೆಳಗೆ ಮಣ್ಣು ಉಬ್ಬಿ ಕುಗ್ಗಿ ಗೋಡೆಯು ಬಿರಿಯುತ್ತದೆ.

ಐದು ಮಂದಿಯ ಮನೆಯಲ್ಲಿ ಸ್ನಾನದಿಂದಲೇ ದಿನಕ್ಕೆ 75ರಿಂದ 100 ಲೀಟರು ನೀರು ಹೊರಬೀಳುತ್ತದೆ. ಮೂರು ನಾಲ್ಕು ಬಾಳೆಗಿಡಗಳಿಗೂ ಒಂದು ಸಾಲು ಕೆಸುವಿಗೂ ಇದು ಸಾಕು. ಬಚ್ಚಲ ಬಾಯಲ್ಲಿ ಜಲ್ಲಿಯನ್ನೂ ಉಸುಕನ್ನೂ ತುಂಬಿದ ಸಣ್ಣ ಗುಂಡಿಯನ್ನು ಮಾಡಿ, ಸಾಬೂನಿನ ಜಿಡ್ಡು ಅಲ್ಲಿ ತಡೆದ ಮೇಲೆ ನೀರನ್ನು ಮುಂದಕ್ಕೆ ಬಿಡಬೇಕು. ಈ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಯಿಸಕೂಡದು. ನೀರು ಎಲ್ಲಿಯೂ ಒಂದು ವಾರ ನಿಲ್ಲಬಾರದು. ಸೊಳ್ಳೆಯ ಮೊಟ್ಟೆಯು ಮರಿಯಾಗಿ, ರೆಕ್ಕೆ ಬಂದು ಹಾರುವುದಕ್ಕೆ ಏಳರಿಂದ ಹತ್ತು ದಿನಗಳು ಸಾಕು. ಒಡೆದ ಮಡಕೆ, ಹಳೆಯ ಡಬ್ಬಿ, ಟೈರುಗಳಲ್ಲಿ ನಿಂತ ಮಳೆನೀರೂ ಸೊಳ್ಳೆಗೆ ಕೆರೆಯೇ.

ಬೇಸಗೆಯಲ್ಲಿ ಎಳೆಯ ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಒಂದು ಮಡಕೆಯನ್ನು ಹೂಳಿ, ತಳದ ಸಣ್ಣ ತೂತಿಗೆ ಬಟ್ಟೆಯ ಬತ್ತಿಯನ್ನು ತುರುಕಿ ನೀರು ತುಂಬಿ ಮುಚ್ಚಿಡಬೇಕು. ನೀರು ಬೇರಿನ ಹತ್ತಿರವೇ ಒಸರುತ್ತದೆ, ಬಿಸಿಲಿಗೆ ಆರುವುದಿಲ್ಲ. ಪಾತಿಯ ಮೇಲೆ ಮೂರು ಅಂಗುಲ ದಪ್ಪಕ್ಕೆ ತೊಗರಿಯ ಹೊಟ್ಟು, ಒಣಗಿದ ಎಲೆ ಅಥವಾ ಕಬ್ಬಿನ ರವದಿಯನ್ನು ಹಾಸಿದರೆ ತೇವವು ಉಳಿಯುತ್ತದೆ. ಎರೆಯ ಬಿರುಕೂ ಕಡಿಮೆಯಾಗುತ್ತದೆ. ಹೊದಿಕೆಯು ಕಾಂಡಕ್ಕೆ ತಾಗದಿರಲಿ. ತಾಗಿದರೆ ಗೆದ್ದಲು ಹತ್ತುತ್ತದೆ.

5. ಮರಗಳನ್ನು ಆರಿಸುವುದು

ಕೆಂಪು ನೆಲದ ಮನೆಗಳಲ್ಲಿ ಪಶ್ಚಿಮಕ್ಕೆ ಗೋಡೆಯಿಂದ 15ರಿಂದ 20 ಅಡಿ ದೂರದಲ್ಲಿ ಒಂದು ಬೇವನ್ನು ಬೆಳೆಸಬಹುದು. ಎರೆ ನೆಲದಲ್ಲಿ ದೊಡ್ಡ ಮರವು ಬೇಸಗೆಯಲ್ಲಿ ಅಡಿಪಾಯದ ಕೆಳಗಿನ ತೇವವನ್ನು ಹೀರಿ ನೆಲವನ್ನು ಕುಗ್ಗಿಸುತ್ತದೆ. ಅಲ್ಲಿ ಮರವು ಬೆಳೆದು ನಿಂತಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ಅದನ್ನು ನೆಡಬೇಕು. ಅಷ್ಟು ಸ್ಥಳವಿಲ್ಲದ ಮನೆಗಳಲ್ಲಿ ದೊಡ್ಡ ಮರದ ಆಸೆಯನ್ನು ಬಿಟ್ಟು, ಪಶ್ಚಿಮದ ಗೋಡೆಯಿಂದ ಕೆಲವು ಅಡಿ ದೂರಕ್ಕೆ ಹಂದರವನ್ನು ಹಾಕಿ ಅವರೆ, ಹೀರೆ, ಮಲ್ಲಿಗೆಯ ಬಳ್ಳಿಗಳನ್ನು ಹಬ್ಬಿಸುವುದೇ ಜಾಣತನ. ಆಲ, ಅರಳಿ, ಅತ್ತಿಗಳು ಯಾವ ನೆಲದಲ್ಲಿಯೂ ಮನೆಯ ಗೋಡೆಗೂ ಬಾವಿಯ ಕಟ್ಟೆಗೂ ಸಮೀಪವಿರಬಾರದು.

ಸಣ್ಣ ಮರಗಳಲ್ಲಿ ಸೀತಾಫಲವು ಕೆಂಪು ನೆಲಕ್ಕೆ ಬಹಳ ಒಪ್ಪುತ್ತದೆ. ಅದಕ್ಕೆ ನೀರು ಸ್ವಲ್ಪವೇ ಸಾಕು, ಆಡುಗಳು ಅದರ ಎಲೆಯನ್ನು ಮುಟ್ಟುವುದಿಲ್ಲ. ಪೇರಲವೂ ದಾಳಿಂಬೆಯೂ ನೀರು ಬಸಿಯುವ ವ್ಯವಸ್ಥೆಯಿದ್ದರೆ ಎರಡು ನೆಲಗಳಲ್ಲಿಯೂ ಬರುತ್ತವೆ. ನಿಂಬೆ, ಕರಿಬೇವು ಒಂದೊಂದು ಗಿಡವಿದ್ದರೆ ಮನೆಗೆ ಸಾಕು. ನುಗ್ಗೆಯನ್ನು ಮೂರು ನಾಲ್ಕು ಅಡಿಯ ಕೊಂಬೆಯಿಂದ ಜೂನಿನಲ್ಲಿ ಬೆಳೆಸಬಹುದು. ಎಲೆ, ಹೂ, ಕಾಯಿ ಮೂರೂ ಆಹಾರವಾಗುತ್ತವೆ. ಆದರೆ ಮಳೆಗಾಲದಲ್ಲಿ ಅದರ ಕಾಂಡಕ್ಕೆ ಕಂಬಳಿಹುಳುಗಳು ಗುಂಪಾಗಿ ಹತ್ತುತ್ತವೆ. ಕೊಂಬೆಗಳೂ ಬೇಗ ಮುರಿಯುತ್ತವೆ. ಆದ್ದರಿಂದ ಅದನ್ನು ಬಾಗಿಲ ಎದುರಿಗೂ ಬಟ್ಟೆ ಒಣಗಿಸುವ ಸ್ಥಳಕ್ಕೂ ದೂರವಾಗಿ ಹಿತ್ತಲ ಮೂಲೆಯಲ್ಲಿ ನೆಡತಕ್ಕದ್ದು.

6. ಬೇಲಿ ಮತ್ತು ಕಳೆ

ಬೇಲಿಯಿಲ್ಲದೆ ನೆಟ್ಟ ಗಿಡವು ನೆರೆಮನೆಯ ಆಡಿಗೆ ಬಡಿಸಿದ ಊಟ. ಮೊದಲ ಎರಡು ವರ್ಷ ಮುಳ್ಳಿನ ಕಟ್ಟಿಗೆಯ ಬೇಲಿಯನ್ನು ಹಾಕಿ, ಅದರ ಒಳಗೆ ಮದರಂಗಿಯ ಕಡ್ಡಿಗಳನ್ನು ಒಂದೊಂದು ಅಡಿಗೆ ಮಳೆಗಾಲದಲ್ಲಿ ಊರಬೇಕು. ಮೊಣಕಾಲೆತ್ತರದಲ್ಲಿ ಒಮ್ಮೆ ಕತ್ತರಿಸಿದರೆ ಬುಡದಿಂದಲೇ ದಟ್ಟವಾಗಿ ಬರುತ್ತದೆ. ಹಬ್ಬಗಳಲ್ಲಿ ಕೈಗೆ ಹಚ್ಚಲು ಎಲೆಯೂ ದೊರೆಯುತ್ತದೆ. ಕಣಗಿಲೆಯನ್ನು ದನಕರುಗಳು ಮುಟ್ಟುವುದಿಲ್ಲ, ಹೂವೂ ಬಹಳ. ಆದರೆ ಅದರ ಎಲ್ಲ ಭಾಗಗಳೂ ವಿಷ. ಎಳೆಯ ಮಕ್ಕಳಿರುವ ಮನೆಯಲ್ಲಿ ಅದನ್ನು ಬಿಡುವುದೇ ಲೇಸು.

ಬರಿದಾಗಿ ಬಿಟ್ಟ ಅಂಗಳವನ್ನು ಮೊದಲು ಆಕ್ರಮಿಸುವುದು ಪಾರ್ಥೇನಿಯಂ, ಎಂದರೆ ಜನರು ಕಾಂಗ್ರೆಸ್ ಕಸವೆಂದು ಕರೆಯುವ ಗಿಡ. ಅದರ ಸೋಂಕಿನಿಂದ ಕೆಲವರಿಗೆ ಚರ್ಮದ ತುರಿಕೆಯೂ ಉಬ್ಬಸವೂ ಬರುತ್ತವೆ. ಮಳೆಯ ನಂತರ ನೆಲವು ಮೆತ್ತಗಿರುವಾಗ, ಬಿಳಿಯ ಹೂ ಕಾಣುವುದಕ್ಕೆ ಮುಂಚೆ, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕೀಳಬೇಕು. ಹೂ ಬಿಟ್ಟ ಮೇಲೆ ಕಿತ್ತರೆ ಬೀಜವನ್ನು ಬಿತ್ತಿದಂತೆಯೇ.

7. ವರ್ಷದ ಕೆಲಸಗಳ ಕ್ರಮ

ಏಪ್ರಿಲ್, ಮೇ: ಗುಂಡಿಗಳನ್ನು ತೆಗೆಯುವುದು, ಮಾಳಿಗೆಯ ಕೊಳವೆಗಳನ್ನೂ ಕಾಲುವೆಗಳನ್ನೂ ಸರಿಮಾಡುವುದು, ತಿಪ್ಪೆಯ ಕಳಿತ ಗೊಬ್ಬರವನ್ನು ಹೊರತೆಗೆಯುವುದು. ಹಾದಿಗಳಿಗೆ ಮೊರಂ ಹಾಕಿ ಬಡಿಯುವುದೂ ಈಗಲೇ. ಹೊಸ ಗಿಡವನ್ನು ನೆಡಕೂಡದು.

ಜೂನ್, ಜುಲೈ: ಮರದ ಸಸಿಗಳು, ಬೇಲಿಯ ಕಡ್ಡಿಗಳು. ಕಾಯಿಪಲ್ಯಗಳಲ್ಲಿ ಬೆಂಡೆ, ಚವಳಿ, ಹೀರೆ, ಹಾಗಲ, ಕುಂಬಳ, ಪುಂಡಿ. ಎರೆಯಲ್ಲಿ ಇವುಗಳನ್ನು ಏರಿನ ಮೇಲೆಯೇ ಬಿತ್ತಬೇಕು. ದಸರೆಗೆ ಬೇಕಾದ ಚೆಂಡುಹೂವಿನ ಬೀಜವನ್ನು ಜುಲೈಯಲ್ಲಿ ಹಾಕಬೇಕು.

ಆಗಸ್ಟ್, ಸೆಪ್ಟೆಂಬರ್: ಕಳೆ ಕೀಳುವುದು, ನಿಂತ ನೀರನ್ನು ಬಸಿಯುವುದು, ಸತ್ತ ಸಸಿಗಳ ಸ್ಥಾನದಲ್ಲಿ ಬೇರೆ ಸಸಿ ನೆಡುವುದು. ಬದನೆ, ಟೊಮೇಟೊ, ಉಳ್ಳಾಗಡ್ಡಿಗಳ ಸಸಿಮಡಿಯನ್ನು ಎತ್ತರವಾದ ಪಾತಿಯಲ್ಲಿ ಮಾಡುವುದು.

ಅಕ್ಟೋಬರ್, ನವೆಂಬರ್: ಹಸ್ತ, ಚಿತ್ತಾ ಮಳೆಗಳ ತೇವವು ಆರುವುದಕ್ಕೆ ಮುಂಚೆ ಪಾತಿಗಳನ್ನು ಅಗೆದು ಹೊದಿಕೆಯನ್ನು ಹಾಸಬೇಕು. ಮೆಂತ್ಯ, ಪಾಲಕ, ಕೋತಂಬರಿ, ಮೂಲಂಗಿ, ಗಜ್ಜರಿಗಳನ್ನು ಹದಿನೈದು ದಿನಗಳಿಗೊಮ್ಮೆ ಒಂದೊಂದು ಸಣ್ಣ ಮಡಿಯಲ್ಲಿ ಬಿತ್ತಬೇಕು. ಒಂದೇ ದಿನ ಎಲ್ಲವನ್ನೂ ಬಿತ್ತಿದರೆ ಒಂದು ವಾರ ಹಂಚಿದರೂ ಮುಗಿಯದಷ್ಟು ಸೊಪ್ಪು, ಮುಂದಿನ ವಾರ ಬರಿಯ ಮಡಿ.

ಡಿಸೆಂಬರ್, ಜನವರಿ: ಈ ಸೀಮೆಯ ಎಳ್ಳಮಾವಾಸ್ಯೆಯ ಭಜ್ಜಿಗೆ ಹಲವು ಬಗೆಯ ಕಾಯಿ, ಕಾಳು, ಸೊಪ್ಪುಗಳು ಬೇಕು. ನವೆಂಬರಿನ ನಡುವಿನಿಂದ ಬಿತ್ತಿದ ಮೆಂತ್ಯವೂ ಪಾಲಕವೂ ಆ ಹಬ್ಬದ ಹೊತ್ತಿಗೆ ಕೈಗೆ ಬರುತ್ತವೆ; ಹಂದರದ ಅವರೆಯೂ ಆಗ ಕಾಯಿಬಿಟ್ಟಿರುತ್ತದೆ. ಹಿತ್ತಲಿನ ಕೆಲಸವು ಸರಿಯಾಗಿ ನಡೆದಿದೆಯೋ ಇಲ್ಲವೋ ಎಂಬುದಕ್ಕೆ ಆ ದಿನದ ಪಾತ್ರೆಯೇ ಪರೀಕ್ಷೆ.

ಫೆಬ್ರವರಿ, ಮಾರ್ಚ್: ಒಣಗಿದ ಕೊಂಬೆಗಳನ್ನು ಸವರುವುದು, ಮಡಕೆಗಳನ್ನು ಹೂಳುವುದು, ಎಳೆಯ ಗಿಡಗಳಿಗೆ ಪಶ್ಚಿಮದಿಂದ ಜೋಳದ ದಂಟಿನ ಮರೆ ಕಟ್ಟುವುದು. ಕಾಯಿಪಲ್ಯದ ಮಡಿಗಳನ್ನು ಕಡಿಮೆ ಮಾಡಿ ಇರುವ ನೀರನ್ನು ಮರಗಳಿಗೆ ಉಳಿಸಬೇಕು. ಸೊಪ್ಪು ಒಂದು ತಿಂಗಳಲ್ಲಿ ಮತ್ತೆ ಬರುತ್ತದೆ. ನಾಲ್ಕು ವರ್ಷದ ಪೇರಲಗಿಡವು ಒಣಗಿದರೆ ನಾಲ್ಕು ವರ್ಷಗಳೇ ಹೋಗುತ್ತವೆ.

8. ಗೊಬ್ಬರದ ಗುಂಡಿ

ಬಾವಿಯಿಂದ 50 ಅಡಿಗೆ ಕಡಿಮೆಯಿಲ್ಲದ ದೂರದಲ್ಲಿ, ನೆರಳಿನಲ್ಲಿ, 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳದ ಗುಂಡಿಯನ್ನು ತೋಡಬೇಕು. ಕಸ, ಎಲೆ, ಕಾಯಿಪಲ್ಯದ ಸಿಪ್ಪೆಗಳನ್ನು ಅರ್ಧ ಅಡಿ ಹರಡಿ ಮೇಲೆ ಸಗಣಿಯ ನೀರನ್ನೂ ತೆಳ್ಳಗೆ ಮಣ್ಣನ್ನೂ ಹಾಕುತ್ತ ತುಂಬಬೇಕು. ಪ್ಲಾಸ್ಟಿಕ್ಕು ಇದರಲ್ಲಿ ಬೀಳಕೂಡದು. ತುಂಬಿದ ಮೇಲೆ ಮಣ್ಣು ಮೆತ್ತಿ, ತೇವವು ಆರದಂತೆ ನೋಡಿಕೊಂಡರೆ ನಾಲ್ಕೈದು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಒಣಗಿದ ಎಲೆಯನ್ನು ಸುಡುವವರು ಮುಂದಿನ ವರ್ಷದ ಸಾರವನ್ನು ಹೊಗೆಯಾಗಿ ಬಿಡುತ್ತಾರೆ.

ಉಪಸಂಹಾರ

ಮೇಲೆ ಹೇಳಿದುದನ್ನೆಲ್ಲ ಒಂದೇ ವರ್ಷದಲ್ಲಿ ಮಾಡಲು ಹೊರಟವನು ಮಳೆಗಾಲ ಮುಗಿಯುವುದರೊಳಗೆ ಬೇಸತ್ತು ಬಿಡುತ್ತಾನೆ. ಮೊದಲನೆಯ ವರ್ಷ ನೀರಿನ ದಾರಿ, ಬೇಲಿ, ಗೊಬ್ಬರದ ಗುಂಡಿ ಮತ್ತು ಪಶ್ಚಿಮದ ನೆರಳು. ಎರಡನೆಯ ವರ್ಷ ಹಣ್ಣಿನ ಗಿಡಗಳು. ಮೂರನೆಯ ವರ್ಷ ಹೂವು, ಹಾದಿ ಮೊದಲಾದ ಅಲಂಕಾರ. ಈ ಕ್ರಮವನ್ನು ಹಿಡಿದರೆ ಖರ್ಚು ಬಹಳವಾಗುವುದಿಲ್ಲ. ಬೇಕಾದುದು ಗುದ್ದಲಿ, ಹಾರೆ, ಕೆಲವು ಸಸಿಗಳು, ಮುಖ್ಯವಾಗಿ ಮಳೆಗೆ ಮುಂಚಿನ ಸಿದ್ಧತೆ. ನೆಲವನ್ನು ಪರೀಕ್ಷಿಸಿ ಗುಂಡಿ, ಮಳೆಯನ್ನು ನೋಡಿ ಸಸಿ, ಸೂರ್ಯನನ್ನು ನೋಡಿ ನೆರಳು, ಬಚ್ಚಲನ್ನು ನೋಡಿ ಬಾಳೆ: ಇಷ್ಟನ್ನು ನೆನಪಿಟ್ಟುಕೊಂಡ ಗೃಹಸ್ಥನ ಮನೆಯು ಮೇ ತಿಂಗಳ ಮಧ್ಯಾಹ್ನದಲ್ಲಿಯೂ ತಂಪಾಗಿರುವುದು. ಬರಗಾಲ ಬಂದಾಗ ಆ ಹಿತ್ತಲು ನೀರನ್ನು ಬೇಡುವುದು ಕಡಿಮೆ, ಮನೆಗೆ ಒದಗುವುದು ಹೆಚ್ಚು.